ಟೆಂಟಿನ ಮೊಸರನ್ನ

ಎಪ್ಪತ್ತಾರನೇ ಇಸವಿ. ಅಕ್ಕನ ಮಗಳು ವೆಂಕಟಲಕ್ಷ್ಮಿಯನ್ನು ನೋಡಿದ ಎರಡು ಗಂಡುಗಳು ಬೇಡವೆಂದು ಹೋಗಿದ್ದವು. ಮೂರನೆಯದು ಕೋಲಾರದ ಲಕ್ಷ್ಮೀನಾರಾಯಣ. ಬ್ಯಾಂಕಿನ ಗುಮಾಸ್ತ, ಮೆತ್ತಗಿನ ಮನುಷ್ಯ. ಇದೂ ತಪ್ಪಿದರೆ ಮತ್ತೆ ಜಾತಕ ಹಿಡಿದು ಅಲೆಯುವುದು ನನ್ನಿಂದಾಗದು ಎಂದು ಅಮ್ಮನಿಗೆ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದೆ.

ಹೆಣ್ಣು ನೋಡುವ ಶಾಸ್ತ್ರ ಮುಗಿಯಿತು. ಅಂದು ಮುಳಬಾಗಿಲಿನ ಟೆಂಟಿನಲ್ಲಿ ದೇವರ ಸಿನಿಮಾ ಇದ್ದದ್ದರಿಂದ ಬೀಗರಾಗುವವರನ್ನೂ ಕರೆದುಕೊಂಡು ಹೊರಟೆವು. ಅಮ್ಮ ಸುಂದರಾಬಾಯಿ ಚಪ್ಪಲಿಯನ್ನು ಹೊರಗೇ ಬಿಟ್ಟು ಒಳಗೆ ಬಂದಳು. ಗಿಡ್ಡ ಗೋಡೆಯ ಆಚೆ ಹೆಂಗಸರು, ಈಚೆ ನಾವು ಕೂತೆವು.

ದೇವರ ರೀಲು ತರುವ ಬಸ್ಸು ತಡವಾಯಿತು. ಜನ ಗಲಾಟೆ ಮಾಡಬಾರದೆಂದು ಟೆಂಟಿನವನು ಯಾವುದೋ ಕಾಲದ ಮೂಕಿ ತುಣುಕೊಂದನ್ನು ಹಾಕಿದ. ಅದರಲ್ಲಿ ಡೊಳ್ಳುಹೊಟ್ಟೆಯವನೊಬ್ಬ ತಟ್ಟೆ ತುಂಬ ಬೆಳ್ಳಗಿನ ಪದಾರ್ಥ ತಂದು ಇನ್ನೊಬ್ಬನ ಮುಖಕ್ಕೆ ಪಚಕ್ಕನೆ ಬಡಿದ. ಅದು ಬಿಳಿಯರ ಕೆನೆ ತಿಂಡಿಯೆಂದು ನಮಗೇನು ಗೊತ್ತು?

"ಅಯ್ಯೋ, ಮೊಸರನ್ನ!" ಎಂದು ಅಮ್ಮ ಚೀರಿದಳು.

ಟೆಂಟಿಗೆ ಟೆಂಟೇ ದಂಗಾಯಿತು. ನೈವೇದ್ಯದ ಪದಾರ್ಥ! ಪರದೆಯ ಮೇಲಿನವರು ಅದನ್ನು ಎಸೆದರು, ಅದರ ಮೇಲೇ ಜಾರಿ ಬಿದ್ದರು, ಎದ್ದು ಮತ್ತೆ ಎಸೆದರು. ನೆಲಕ್ಕೆ ಬಿದ್ದ ಅಗುಳನ್ನೂ ಕಣ್ಣಿಗೊತ್ತಿಕೊಳ್ಳುವ ಅಮ್ಮ ಗಲ್ಲ ಬಡಿದುಕೊಳ್ಳುತ್ತಿದ್ದಳು. ಆಗ ನನ್ನ ಪಕ್ಕದಲ್ಲೇ ಯಾರೋ ಕಿಸಕ್ಕೆಂದರು. ನೋಡಿದರೆ ಗಂಡು! ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಾನೆ.

ಅಮ್ಮ ಎದ್ದು ನಿಂತಳು. "ಅನ್ನ ತುಳಿಯೋದು ನೋಡಿ ನಗೋನಿಗೆ ನಮ್ಮ ಹುಡುಗೀನ ಕೊಡಲ್ಲ ಕಣೋ. ಏಳು, ಹೋಗೋಣ."

ಅದೇ ಗಳಿಗೆಗೆ ಪರದೆಯ ಮೇಲೆ ಪೊಲೀಸಿನವನ ಮುಖಕ್ಕೂ ಒಂದು ತಟ್ಟೆ ಬಿತ್ತು. ಸೆರಗನ್ನು ಬಾಯಿಗೆ ತುರುಕಿಕೊಂಡಿದ್ದ ವೆಂಕಟಲಕ್ಷ್ಮಿ ಗೊಳ್ಳೆಂದು ನಕ್ಕುಬಿಟ್ಟಳು. ಮರುಕ್ಷಣ ಅಮ್ಮನ ಕೈ ಅವಳ ಕೆನ್ನೆಗೆ ಫಟಾರನೆ ಬಿತ್ತು. ಮೊಮ್ಮಗಳನ್ನು ಎಂದೂ ಗದರದ ಅಮ್ಮ!

ಇಷ್ಟು ಹೊತ್ತು ಉಸಿರೆತ್ತದಿದ್ದ ಜನ ಈಗ ಬಿದ್ದು ಬಿದ್ದು ನಕ್ಕರು. "ಇಂಕೊಕಟಿ ವೇಯ್ ಅವ್ವಾ!" ಎಂದು ಯಾವನೋ ತೆಲುಗಿನಲ್ಲಿ ಇನ್ನೊಂದು ಏಟು ಕೇಳಿದ. ಅವನ ನಾಲಿಗೆ ಸೇದಿಹೋಗಲಿ! ನಗು ನಿಂತದ್ದು ಲಕ್ಷ್ಮೀನಾರಾಯಣನೊಬ್ಬನದು. ಪಂಚೆ ಎತ್ತಿ ಕಟ್ಟಿದವನೇ ಗೋಡೆ ಹಾರಿದ. ಅವನ ತಾಯಿ ಕೃಷ್ಣಮ್ಮ ಬಿಟ್ಟ ಬಾಯಿ ಬಿಟ್ಟಂತೆಯೇ ಕೂತಿದ್ದರು.

ಹುಡುಗಿಗೆ ಅಡ್ಡ ನಿಂತು ಅವನು ಹೇಳಿದ: "ಮೊದಲು ನಕ್ಕೋನು ನಾನು ಅಜ್ಜಿ. ಹೊಡೆಯೋದಿದ್ರೆ ನನಗೆ ಹೊಡೀರಿ. ಇವರನ್ನ ಮುಟ್ಟಬೇಡಿ."

ಅಮ್ಮ ತನ್ನ ಅಂಗೈಯನ್ನೇ ನೋಡಿಕೊಂಡಳು. "ನೋವಾಯ್ತೇನೇ ಮಗೂ?" ಎಂದವಳು ಅಷ್ಟು ಜನರ ನಡುವೆ ಗಳಗಳನೆ ಅತ್ತುಬಿಟ್ಟಳು. ಈ ಸಂಬಂಧ ಬೇಡವೆನ್ನುವ ಧೈರ್ಯ ಆಮೇಲೆ ಯಾರಿಗೂ ಬರಲಿಲ್ಲ.