ಕಳ್ಳನಿಗೊಂದು ಮುಖ

"ಥೂ ನಿನ್ನ! ಇವನೇನು ಕಳ್ಳನೋ, ಮದುವೆ ಗಂಡೋ?" ಎಂದು ಯಜಮಾನ ಹಾಳೆಯನ್ನು ನನ್ನ ಮುಖಕ್ಕೇ ಎಸೆದ. "ಕಳ್ಳ ಅಂದ್ರೆ ನೋಡಿದ ಕೂಡ್ಲೇ ಮಕ್ಕಳು ಉಗೀಬೇಕು ಕಣೇ!"

ನಮ್ಮ ಕಾಮಿಕ್ಸ್ ಕಾರ್ಖಾನೆಯ ಕೆಲಸ ಹೀಗೆ: ರಕ್ಷಾಪುಟದಲ್ಲಿ ಹೆಸರು ಬರುವ ದೊಡ್ಡ ಕಲಾವಿದರು ಕೈಕಾಲು, ಕಾರು, ಕಟ್ಟಡ ಬರೆದು, ತಲೆಯ ಜಾಗದಲ್ಲಿ ಬರೀ ಮೊಟ್ಟೆ ಬಿಟ್ಟು ಎದ್ದು ಹೋಗುತ್ತಾರೆ. ಆ ಮೊಟ್ಟೆಗಳಿಗೆ ಕಣ್ಣು, ಮೂಗು ಕೊಡುವವಳು ನಾನು. ನಗುವವನನ್ನು ಬರೆದರೆ ನನ್ನ ಬಾಯಿಯೂ ನಗುತ್ತದೆ, ಅಳುವವನನ್ನು ಬರೆದರೆ ನನ್ನ ತುಟಿಯೂ ಸೊಟ್ಟಗಾಗುತ್ತದೆ. ಹೆಸರು ಅವರದು, ಕತ್ತು ನೋವು ನನ್ನದು.

ಈ ಸಲದ ಪುಸ್ತಕ ಮಾಡಿಸುತ್ತಿರುವವನು ಚರಂಡಿ ಗುತ್ತಿಗೆದಾರ. ಊರಿನ ಶಾಲೆಗಳಿಗೆಲ್ಲ ಪುಕ್ಕಟೆ ಹಂಚುತ್ತಾನಂತೆ, ಪುಣ್ಯಾತ್ಮ! ಕಥೆ ಇಷ್ಟೇ: ಒಬ್ಬ ಕಳ್ಳ ಮ್ಯಾನ್‌ಹೋಲ್ ಮುಚ್ಚಳ ಕದಿಯಲು ಹೋಗಿ ಗುಂಡಿಗೆ ಬಿದ್ದು ಸಾಯುತ್ತಾನೆ. ನಿಜವಾಗಿ ಆ ಗುಂಡಿಯಲ್ಲಿ ಸತ್ತವರು ನನ್ನ ಭಾವ, ಅಕ್ಕನ ಗಂಡ. ಇದೇ ಗುತ್ತಿಗೆದಾರ ಮೇಲೆ ನಿಂತು, ಬೈದು ಬೈದು ಅವರನ್ನು ಚರಂಡಿ ಬಾಚಲು ಒಳಗೆ ಇಳಿಸಿದ್ದ.

"ಬೇರೆಯವರ ಕೈಲಿ ಬರೆಸಿ ಸಾರ್" ಎಂದೆ.

"ಯಾಕೆ? ನಿನ್ನ ಭಾವನ ಮೂತಿ ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅದನ್ನೇ ಹಾಕು. ಗುತ್ತಿಗೆದಾರರು ಕೇಳ್ತಿರೋದೂ ಅದನ್ನೇ. ಆಗಲ್ಲ ಅಂದ್ರೆ ನಾಳೆಯಿಂದ ನೀನೂ ಅಕ್ಕನ ಜೊತೆ ಬೀದಿ ಗುಡಿಸು, ಮುಂಡೇದೆ."

ಅಕ್ಕ ಗುಡಿಸಿ ತರುವುದು ಅವಳ ಮಗಳು ಪುಟ್ಟಿಯೂ ಸೇರಿ ನಮ್ಮ ಮೂವರ ಅರ್ಧ ಹೊಟ್ಟೆಗೆ. ಉಳಿದರ್ಧ ನನ್ನ ಈ ಕೈಯದು. ಹಲ್ಲು ಕಚ್ಚಿಕೊಂಡು ಕೂತೆ. ಕೆಟ್ಟದಾಗಿ ಬರೆಯೋಣವೆಂದರೆ ಈ ಹಾಳು ಕೈಗೆ ಅದು ಬರುವುದಿಲ್ಲ. ಸೊಟ್ಟ ಮೂಗು ಬಂತು, ಹುಬ್ಬಿನ ಮೇಲಿನ ಗಾಯ ಬಂತು, ನೋಡುತ್ತಿದ್ದಂತೆ ಭಾವ ಎದ್ದು ಕೂತುಬಿಟ್ಟರು. ಕೊನೆಯ ಚೌಕದಲ್ಲಿ ಅವರು ಗುಂಡಿಯೊಳಗೆ ಬಾಯಿ ತೆರೆದಾಗ ನನಗೂ ಉಸಿರು ಸಿಕ್ಕಲಿಲ್ಲ.

"ಆಹಾ, ಹುಟ್ಟು ಕಳ್ಳ!" ಯಜಮಾನ ಚಪ್ಪಾಳೆ ತಟ್ಟಿದ. "ಮನೇಲಿ ಪೆನ್ಸಿಲ್ ಗೆರೆ ಮೇಲೆ ಮಸಿ ಹಾಕಿ ಬೆಳಗ್ಗೆ ತಾ. ಅಳೋದಿದ್ರೆ ಹಾಳೆಯಿಂದ ದೂರ ಕೂತು ಅಳು, ಮಸಿ ಹರಡುತ್ತೆ."

ಸಂಜೆ ಮಸಿ ಹಾಕಿ ಮುಗಿಸುತ್ತಿದ್ದೆ. ಅಕ್ಕ ಕೆಲಸದಿಂದ ಬಂದವಳು, ನಾನು ಮುಚ್ಚಿಡುವಷ್ಟರಲ್ಲಿ ನೋಡಿಬಿಟ್ಟಳು. ಹೊಡೆಯುತ್ತಾಳೆ ಎಂದುಕೊಂಡೆ. ಅವಳು ಮಂಡಿಯೂರಿ, ಸೆರಗಿಗೆ ಬೆರಳು ಒರೆಸಿಕೊಂಡು, ಕಳ್ಳನ ಕೆನ್ನೆ ಮುಟ್ಟಿದಳು.

"ಅಯ್ಯೋ, ಇವ್ರೇ ಕಣೇ. ಒಂದು ಫೋಟೋನೂ ಇಲ್ಲ ನೋಡು ಮನೇಲಿ. ಮುಖ ಎಲ್ಲಿ ಮರ್ತುಹೋಗುತ್ತೋ ಅಂತ ಹೆದರಿಕೊಂಡಿದ್ದೆ." ಆಮೇಲೆ ಕೇಳಿದಳು, "ಕೈಯಲ್ಲಿ ಏನದು?"

"ಮುಚ್ಚಳ. ಕದ್ದದ್ದು."

"ಯಾರಿಗೆ ಈ ಪುಸ್ತಕ?"

"ಶಾಲೆ ಮಕ್ಕಳಿಗೆ."

"ನಮ್ಮ ಪುಟ್ಟೀಗೂ ಕೊಡ್ತಾರಾ?"

"ಹೂಂ."

ಅಕ್ಕ ಪೆನ್ಸಿಲ್ ಹೆರೆಯುವ ಬ್ಲೇಡಿಗೆ ಕೈ ಚಾಚಿದಳು.

"ಅಕ್ಕಾ, ಕೆಲಸ ಹೋಗುತ್ತೆ."

"ಕೊಡೇ."

ಕೊಟ್ಟೆ. ಕೊಟ್ಟದ್ದಷ್ಟೇ ಅಲ್ಲ, ಹಾಳೆ ಅಲುಗದಂತೆ ಎರಡೂ ಕಡೆ ಒತ್ತಿ ಹಿಡಿದೆ. ಅವಳು ಒಂದೊಂದೇ ಚೌಕದಿಂದ ಗಂಡನ ಮುಖವನ್ನು ಕತ್ತರಿಸಿ ತೆಗೆದಳು. ಅನ್ನದ ಅಗುಳು ಹಿಸುಕಿ, ಒಲೆಯ ಮೇಲಿನ ಗೋಡೆಗೆ ಸಾಲಾಗಿ ಅಂಟಿಸಿದಳು. ಬಾಯಿ ತೆರೆದ ಮುಖವನ್ನು ಮಾತ್ರ ಅಂಟಿಸದೆ ರವಿಕೆಯೊಳಗೆ ಇಟ್ಟುಕೊಂಡಳು.

ಬೆಳಗ್ಗೆ ತೂತು ತೂತಾದ ಹಾಳೆಯನ್ನು ಯಜಮಾನನ ಮೇಜಿನ ಮೇಲಿಟ್ಟೆ. ಮುಚ್ಚಳ ಹಿಡಿದ ಕೈ ಇತ್ತು, ಗುಂಡಿ ಇತ್ತು. ಅವನು ಒಂದು ತೂತಿನೊಳಗೆ ಬೆರಳು ತೂರಿಸಿ ನೋಡಿದ.

"ಎಲ್ಲೇ ಮುಖ?"

"ಮನೇಲಿದೆ ಸಾರ್. ಅವರ ಮನೇಲಿ."

ಕೆನ್ನೆಗೆ ಬಿತ್ತು. ಕಣ್ಣು ಬಿಡುವಷ್ಟರಲ್ಲಿ ನನ್ನನ್ನು ಒಳಕೋಣೆಗೆ ದಬ್ಬಿ, ಹೊಸ ಹಾಳೆ ಎಸೆದು, ಹೊರಗಿನಿಂದ ಚಿಲಕ ಹಾಕಿದ್ದ. "ಬರಿ, ಬೋಳಿ! ಅದೇ ಮುಖ ಬರೆಯೋ ತನಕ ಬಾಗಿಲು ತೆಗೆಯಲ್ಲ!"

ಆ ಕೋಣೆಗೆ ಕಿಟಕಿಯಿಲ್ಲ. ಈ ಕೈಗಳನ್ನು ನಾನು ಬಲ್ಲೆ. ಪೆನ್ಸಿಲ್ ಕಂಡರೆ ಸುಮ್ಮನಿರುವವಲ್ಲ. ಎರಡನ್ನೂ ತೊಡೆಯ ಕೆಳಗೆ ತುರುಕಿ, ಅವುಗಳ ಮೇಲೆ ಗಟ್ಟಿಯಾಗಿ ಕೂತೆ.