ಹುಳ ಸತ್ತದ್ದು ಬಿಪಿ ಮಾತ್ರೆಯಿಂದಲ್ಲ

ಶಿಡ್ಲಘಟ್ಟದ ಕಡೆ ರೇಷ್ಮೆ ಹುಳ ಸಾಕುವವರ ಮನೆಯಲ್ಲಿ ಬೆಳೆ ಕೆಟ್ಟರೆ ಯಾರ ಮೇಲಾದರೂ ತಪ್ಪು ಹೊರಿಸಲೇಬೇಕು. ಪಕ್ಕದ ಹೊಲದವರು ಹೊಡೆದ ಔಷಧಿ, ಹೇಳದೆ ಕೇಳದೆ ಹುಳದ ಮನೆಗೆ ನುಗ್ಗಿದ ನೆಂಟರು, ಯಾರದೋ ಕೆಟ್ಟ ಕಣ್ಣು, ಯಾವುದಾದರೂ ಸರಿ. ಎರ್ರಪ್ಪನವರ ಮನೆಯಲ್ಲಿ ತಪ್ಪು ಬಿದ್ದದ್ದು ಹೆಂಡತಿಯ ಬಿಪಿ ಮಾತ್ರೆಯ ಮೇಲೆ.

ಅಶ್ವತ್ಥಮ್ಮ ಮಾತ್ರೆ ಶುರು ಮಾಡಿದ ತಿಂಗಳೇ ಹುಳ ಸುಣ್ಣದಂತೆ ಬೆಳ್ಳಗೆ ಗಟ್ಟಿಯಾಗಿ ಸಾಯುವ ಸುಣ್ಣಕಟ್ಟು ರೋಗ ಬಂದು ಬೆಳೆಯೆಲ್ಲ ಹಾಳಾಗಿತ್ತು. ದಿನವೂ ಹುಳಕ್ಕೆ ಹಿಪ್ಪುನೇರಳೆ ಸೊಪ್ಪು ಹಾಕುತ್ತಿದ್ದವರು ಅವರೇ. ಮಾತ್ರೆಯ ಮದ್ದು ಬೆವರಿನಲ್ಲಿ ಇಳಿದು ಸೊಪ್ಪಿಗೆ ತಾಕಿತು ಎಂದು ಗಂಡ ಹೇಳಿದರು. ಹೆಂಡತಿ ನಂಬಿದರು. ಮಾತ್ರೆ ನಿಂತಿತು. ತಲೆನೋವಿಲ್ಲ, ಸುಸ್ತಿಲ್ಲ, ಇನ್ನೇನು ಬೇಕು!

ಹೊಸ ಬೆಳೆಯ ಹುಳ ಸೊಪ್ಪು ಮೇಯುತ್ತಿದ್ದಾಗ ಒಂದು ದಿನ ಆರೋಗ್ಯ ಉಪಕೇಂದ್ರದ ನರ್ಸ್ ಶಿರೀಷಾ ಮನೆಗೆ ಬಂದರು. ಅಶ್ವತ್ಥಮ್ಮನನ್ನು ಜಗಲಿಯ ಮೇಲೆ ಕೂರಿಸಿ ಬಿಪಿ ನೋಡಿದರು. ಮೇಲಿನ ಅಂಕಿ ನೂರ ತೊಂಬತ್ತು ದಾಟಿತ್ತು.

"ಅಕ್ಕ, ಮಾತ್ರೆ ತಗೊಂತಿಲ್ವಾ?"

"ತಗೊಂಡ್ರೆ ಹುಳ ಸಾಯ್ತವಲ್ಲಮ್ಮಾ," ಎಂದು ಎರ್ರಪ್ಪನವರೇ ಉತ್ತರ ಕೊಟ್ಟರು.

ಶಿರೀಷಾಗೆ ನಗುವೂ ಬಂತು, ಕೋಪವೂ ಬಂತು. "ಅಯ್ಯೋ ಎರ್ರಪ್ಪಣ್ಣ! ಸುಣ್ಣಕಟ್ಟು ಬೂಷ್ಟು ಹಿಡಿದು ಬರೋದು ಅಂತ ನಿಮಗೆ ನಾನು ಹೇಳ್ಬೇಕಾ? ಹೋದ ಸಲ ಥಂಡಿ ಎಷ್ಟಿತ್ತು? ಕಿಟಕಿ ತೆಗೆದು ಗಾಳಿ ಆಡಿಸಿದ್ರಾ?"

"ತೆಗೀಲಿಲ್ಲ," ಎಂದರು ಎರ್ರಪ್ಪ. "ಆದ್ರೂ ಇವಳಿಗೇನಾಗಿದೆ? ಗುಂಡುಕಲ್ಲಂಗೆ ಇದಾಳೆ. ಚೆನ್ನಾಗಿರೋರಿಗೆ ದಿನಾ ಮಾತ್ರೆ ಯಾಕೆ?"

"ರಕ್ತನಾಳದ ಗೋಡೇಲಿ ಮಾಂಸಖಂಡ ಇರುತ್ತಣ್ಣ. ಅದು ಬಿಗಿಯಾದ್ರೆ ನಾಳ ಕಿರಿದಾಗಿ ಬಿಪಿ ಏರುತ್ತೆ, ಸಡಿಲ ಆದ್ರೆ ಇಳಿಯುತ್ತೆ. ಬಿಗಿ ಆಗು ಅಂತ ಹೇಳೋಕೆ ಅಲ್ಲಿ ಒಂದು ಪ್ರೋಟೀನ್ ಇದೆ. ಅದು ಕೈನೇಸ್ ಅನ್ನೋ ಇನ್ನೊಂದನ್ನ ಎಬ್ಬಿಸುತ್ತೆ. ಆ ಕೈನೇಸ್ ಮಾಂಸಖಂಡ ಸಡಿಲ ಆಗದಂಗೆ ನೋಡ್ಕೊಳ್ಳುತ್ತೆ. ಕೆಲಸ ಮುಗಿದ ಮೇಲೆ ಹಳೇ ಪ್ರೋಟೀನನ್ನ ಜೀವಕೋಶವೇ ಪುಡಿ ಮಾಡಿ ತೆಗೆದುಹಾಕ್ಬೇಕು."

"ತೆಗೀದಿದ್ರೆ?" ಎಂದು ಅಶ್ವತ್ಥಮ್ಮ ಕೇಳಿದರು.

"ಹುಳ ತಿಂದುಳಿದ ಕಸ ನೀವು ತೆಗೀದಿದ್ರೆ ಏನಾಗುತ್ತಕ್ಕ?"

"ಕಸ ಕಾವು ಏರಿ ಹುಳ ಕೆಡ್ತವೆ."

"ಇಲ್ಲೂ ಹಂಗೇ. ಹಳೇದು ಉಳ್ಕೊಂಡು ಬಿಗಿ ಬಿಗಿ ಅಂತಾನೇ ಇರುತ್ತೆ. ಬಿಪಿಗೆ ಇದೊಂದೇ ಕಾರಣ ಅಲ್ಲ, ಉಪ್ಪು, ವಯಸ್ಸು, ವಂಶ ಎಲ್ಲಾ ಸೇರುತ್ತೆ. ಒಳಗೆ ನಡೆಯೋದು ಮಾತ್ರ ಹೊರಗೆ ಗೊತ್ತಾಗಲ್ಲ. ನಿಮ್ಮ ಮಾತ್ರೆ ರಕ್ತನಾಳವನ್ನ ಇವತ್ತಿನ ಮಟ್ಟಿಗೆ ಸಡಿಲ ಮಾಡುತ್ತೆ, ಅಷ್ಟೇ. ನಾಳೆಗೆ ನಾಳೆ ಮತ್ತೆ ತಗೋಬೇಕು."

"ಚೆನ್ನಾಗಿ ಹೇಳ್ತೀಯಮ್ಮ," ಎಂದು ಎರ್ರಪ್ಪ ಎದ್ದರು. "ಹುಳ ಗೂಡು ಕಟ್ಲಿ, ಆಮೇಲೆ ನೋಡಣ."

ಆಗ ಅಶ್ವತ್ಥಮ್ಮ ಬಾಯಿ ಬಿಟ್ಟರು. "ಬೆಳಿಗ್ಗೆ ಸೊಪ್ಪು ಕತ್ತರಿಸ್ತಿದ್ದಾಗ ಮಚ್ಚು ಕೈಜಾರ್ತು. ಬಲಗೈ ಜೋಮು ಹಿಡಿದಂಗಾಗಿ ಬೆರಳು ಮಡಚೋಕೇ ಬರ್ಲಿಲ್ಲ. ನಾಲಿಗೇನೂ ತೊದಲ್ತು. ಸ್ವಲ್ಪ ಹೊತ್ತಿಗೆ ಸರಿಹೋಯ್ತು."

"ನಂಗ್ಯಾಕೆ ಹೇಳ್ಲಿಲ್ಲ?" ಎಂದರು ಎರ್ರಪ್ಪ.

"ಹುಳ ಹಸಿದಿದ್ವಲ್ಲ."

ಎರ್ರಪ್ಪ ಹೆಂಡತಿಯ ಬಲಗೈ ಹಿಡಿದು ನೋಡಿದರು. ಶಿರೀಷಾ ಆಗಲೇ ೧೦೮ಕ್ಕೆ ಫೋನ್ ಮಾಡುತ್ತಿದ್ದರು. ಇದು ಪಾರ್ಶ್ವವಾಯುವಿನ ಮುನ್ಸೂಚನೆ, ಸರಿಹೋಯಿತೆಂದು ಬಿಡುವಂತಿಲ್ಲ, ಈಗಲೇ ದೊಡ್ಡಾಸ್ಪತ್ರೆಗೆ ಹೋಗಬೇಕು ಎಂದರು.

"ನಾನು ಹೋದ್ರೆ ಸೊಪ್ಪು ಯಾರು ಹಾಕ್ತಾರೆ?" ಅಶ್ವತ್ಥಮ್ಮ ಹುಳದ ಮನೆಯ ಕಡೆ ತಿರುಗಿದರು.

"ಹಾಳಾಗಿ ಹೋಗ್ಲಿ ಕಣೇ ಹುಳ!" ಎಂದು ಎರ್ರಪ್ಪ ಕೂಗಿದರು. ಹುಳ ಸಾಕುವ ಆ ಮನೆಯಲ್ಲಿ ಅಂಥ ಮಾತನ್ನು ಯಾರೂ ಆಡಿರಲಿಲ್ಲ. "ಬೆಳೆ ಇನ್ನೊಂದು ಇಕ್ಕಬಹುದು. ನೀನು ಬಿದ್ದೋದ್ರೆ ನಾನೇನು ಮಾಡ್ಲಿ?"

ಅಶ್ವತ್ಥಮ್ಮ ಆಸ್ಪತ್ರೆಯಲ್ಲಿದ್ದಷ್ಟು ದಿನ ಪಕ್ಕದ ಮನೆಯ ಗಂಗುಲಮ್ಮ ಬಂದು ಸೊಪ್ಪು ಹಾಕಿದರು. ಚಿಕಿತ್ಸೆ ಪಡೆದ ಅಶ್ವತ್ಥಮ್ಮ ನಡೆದುಕೊಂಡೇ ಮನೆಗೆ ಬಂದರು. ಈಗ ದಿನವೂ ಮಾತ್ರೆ ನುಂಗಿ, ಕೈ ತೊಳೆದು ಹುಳದ ಮನೆಗೆ ಹೋಗುತ್ತಾರೆ. ಹುಳ ಚೆನ್ನಾಗಿಯೇ ಗೂಡು ಕಟ್ಟುತ್ತಿವೆ. ಹೆಂಡತಿ ಮರೆತರೆ ನೆನಪಿಸುವವರು ಎರ್ರಪ್ಪನವರೇ.

ನೀವೂ ಯಾವುದೋ ನೆಪಕ್ಕೆ ಬಿಪಿ ಮಾತ್ರೆ ಬಿಟ್ಟಿದ್ದೀರಾ? ಇಂದೇ ಹತ್ತಿರದ ಆರೋಗ್ಯ ಕೇಂದ್ರಕ್ಕೆ ಹೋಗಿ ತೋರಿಸಿ. ಮಾತ್ರೆ ಬದಲಿಸುವುದು, ಬಿಡುವುದು ವೈದ್ಯರು ಹೇಳಿದರೆ ಮಾತ್ರ. ಕೈ ಮರಗಟ್ಟಿದರೆ, ಮಾತು ತೊದಲಿದರೆ, ಮುಖ ಸೊಟ್ಟಗಾದರೆ, ಕೆಲಸ ಎಷ್ಟೇ ಇರಲಿ, ಅಲ್ಲೇ ಬಿಟ್ಟು ೧೦೮ಕ್ಕೆ ಕರೆ ಮಾಡಿ. ಸರಿಹೋಯಿತಲ್ಲ ಎಂದು ಮನೆಯವರಿಂದ ಮುಚ್ಚಿಡಬೇಡಿ.