ಎರೆಮಣ್ಣಿನ ಕಾಲು

ಪೋಲಮ್ಮ ತುಂಬಿದ ಕೊಡವನ್ನು ಸೊಂಟದಿಂದ ಇಳಿಸುವಷ್ಟರಲ್ಲಿ ಈರಕ್ಕ ಎದ್ದು ಬಂದು, ಅದರ ಕಂಠ ಹಿಡಿದು ಬಗ್ಗಿಸಿಬಿಟ್ಟಳು. ಕೆರೆಯ ನೀರು ಅಂಗಳದ ಧೂಳನ್ನು ಉರುಳಿಸಿಕೊಂಡು ಚಟ್ಟ ಕಟ್ಟುತ್ತಿದ್ದವರ ಕಾಲ ಬುಡದವರೆಗೆ ಹರಿಯಿತು. ಹಗ್ಗ ಬಿಗಿಯುತ್ತಿದ್ದ ಕೈಗಳು ನಿಂತವು. ಸೆಟ್ಟೂರು ಸೀಮೆಯಲ್ಲಿ ಹೆಣದ ಮುಂದೆ ಅಳದವರನ್ನು ಜನ ಕಂಡಿದ್ದರು. ತುಂಬಿದ ಕೊಡ ಚೆಲ್ಲುವವರನ್ನು ಕಂಡಿರಲಿಲ್ಲ.

"ಬಾಯಿಗೆ ನೀರು ಬುಟ್ಟಿದ್ದು ಸಾಲ್ದಾ?" ಎಂದಳು ಈರಕ್ಕ. "ಮೈಗೂ ನೀನೇ ಹುಯ್ಯಬೇಕಾ?"

ಪೋಲಮ್ಮ ಖಾಲಿ ಕೊಡ ಎತ್ತಿಕೊಂಡು ಮತ್ತೆ ಕೆರೆಯ ದಾರಿ ಹಿಡಿದಳು.

ಜಗಲಿಯ ಮೇಲೆ ಈರಕ್ಕನ ಗಂಡ ಓಬುಳಪತಿ ಮಲಗಿದ್ದ. ಅವನು ಊರಿನ ನೀರುಗಂಟಿ. ಕೆರೆಯ ತೂಬು ಎತ್ತಿ, ಕಾಲುವೆಗುಂಟ ನಡೆದು, ಗದ್ದೆಯಿಂದ ಗದ್ದೆಗೆ ಪಾಳಿಯ ಪ್ರಕಾರ ನೀರು ತಿರುಗಿಸುವುದು ಅವನ ಕೆಲಸ. ನಿನ್ನೆ ಮಧ್ಯಾಹ್ನ ಕಾಲುವೆಯ ಕೊನೆಯಲ್ಲಿರುವ ಪೋಲಮ್ಮನ ಗದ್ದೆಗೆ ನೀರು ಬಿಟ್ಟು, ಸನಿಕೆ ಊರಿಕೊಂಡು ನಿಂತವನು ಹಾಗೇ ಕುಸಿದಿದ್ದ. ಜನ ಓಡಿ ಹೋಗುವಷ್ಟರಲ್ಲಿ ಪೋಲಮ್ಮ ಬೊಗಸೆಯಲ್ಲಿ ನೀರು ಹಿಡಿದು ಅವನ ಬಾಯಿಗೆ ಬಿಟ್ಟಿದ್ದಳು. ಒಂದು ಗುಟುಕು ಒಳಗಿಳಿಯಿತಂತೆ. ಕೊನೆಯ ನೀರು ಹೆಂಡತಿಯ ಕೈಯದಾಗಬೇಕಿತ್ತು. ಆ ಗುಟುಕು ನಿನ್ನೆಯಿಂದ ಈರಕ್ಕನ ಗಂಟಲಲ್ಲಿ ಸಿಕ್ಕಿಕೊಂಡಿತ್ತು.

"ಏಂದಮ್ಮಾ ಇದಿ, ಏನಮ್ಮಾ ಇದು," ಎಂದ ಚಟ್ಟ ಕಟ್ಟುತ್ತಿದ್ದ ಮುನೆಪ್ಪ. ಓಬುಳಪತಿಯ ಓರಗೆಯವನು. "ಒಂದು ತೊಟ್ಟು ಪೋಲು ಮಾಡಿದ್ರೆ ಊರೆಲ್ಲಾ ಬೈಕೊಂಡು ತಿರುಗ್ತಿದ್ದ. ಈಗ ಎದ್ದು ಕೂತ್ಕಂತಾನೆ ನೋಡು."

ಇಬ್ಬರು ಟವೆಲಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು. ಮಗಳು ಶಿರೀಷಾ ಹಿಂದೂಪುರದಿಂದ ಹೊರಟಿದ್ದಳು. ಬಸ್ಸು ಕಲ್ಯಾಣದುರ್ಗ ದಾಟಿತು ಎಂದು ಫೋನು ಬಂದಿತ್ತು. ಅವಳು ಬಂದ ಮೇಲೆಯೇ ಹೆಣಕ್ಕೆ ಸ್ನಾನ.

*

ಮಳೆಗಾಲ ಮುಗಿದ ಮೇಲೆ ಊರವರೆಲ್ಲ ಏರಿಯ ಮೇಲೆ ನಿಂತು ತೂಬುಗಲ್ಲನ್ನು ನೋಡುತ್ತಿದ್ದರು. ಕಲ್ಲಿನ ಅಡ್ಡಪಟ್ಟಿ ಮುಳುಗಿದ್ದರೆ ಬತ್ತ, ಕಾಣುತ್ತಿದ್ದರೆ ರಾಗಿ. ಪಟ್ಟಿ ಕಂಡ ವರ್ಷ ಇನ್ನೊಂದು ಕಟ್ಟಳೆಯೂ ಇತ್ತು: ಮೊದಲ ನೀರು ಕಾಲುವೆಯ ಕೊನೆಯ ಗದ್ದೆಗೆ, ಕೊನೆಯ ನೀರು ತೂಬಿನ ಬುಡದ ಗದ್ದೆಗೆ. ಇಲ್ಲದಿದ್ದರೆ ಮೇಲಿನವರೇ ಕುಡಿದು ಮುಗಿಸುತ್ತಾರೆ.

ಕೊನೆಯ ಗದ್ದೆ ಪೋಲಮ್ಮನದು. ತೂಬಿನ ಬುಡದ್ದು ಈರಕ್ಕನದು.

ಪೋಲಮ್ಮನ ಗಂಡ ಹೋದ ಮೇಲೆ ಈ ಕಟ್ಟಳೆ ಈರಕ್ಕನಿಗೆ ಬೇರೆಯೇ ಆಗಿ ಕಾಣತೊಡಗಿತು. ತನ್ನ ಪೈರು ಬಾಡುತ್ತಿದ್ದರೆ, ಅದರ ಪಕ್ಕದಲ್ಲೇ ಗಂಡ ನೀರನ್ನು ಅವಳ ಕಡೆಗೆ ಕರೆದುಕೊಂಡು ಹೋಗುತ್ತಿದ್ದ. ಎಳೆಗರುವನ್ನು ಹೊಡೆದುಕೊಂಡು ಹೋಗುವವನ ಹಾಗೆ, ಅವಸರವಿಲ್ಲದೆ. ಈಚಿನ ವರ್ಷಗಳಲ್ಲಿ ದೂರದ ನದಿಯ ನೀರು ದೊಡ್ಡ ಕಾಲುವೆಯಲ್ಲಿ ಕೆರೆಗೆ ಬಂದಾಗ, ಇನ್ನಾದರೂ ಪಟ್ಟಿ ಮುಳುಗೀತು ಎಂದುಕೊಂಡಳು. ಬಂದಷ್ಟೇ ಬೇಗ ನೀರು ನಿಂತಿತು. ಪಟ್ಟಿ ಕಾಣುತ್ತಲೇ ಇತ್ತು.

ಸಂಜೆ ಅವನು ಬಚ್ಚಲ ಕಲ್ಲಿನ ಮೇಲೆ ಕೂತು ಕಾಲು ಚಾಚುತ್ತಿದ್ದ. ತಮ್ಮದು ಕೆಮ್ಮಣ್ಣು. ಕೊನೆಯ ಗದ್ದೆಯಲ್ಲಿ ಮಾತ್ರ ಕಪ್ಪು ಎರೆಮಣ್ಣು. ಯಾವ ಗದ್ದೆಯಿಂದ ಬಂದ ಎಂದು ಕೇಳುವ ಅಗತ್ಯವೇ ಇರಲಿಲ್ಲ.

"ಕಾಲ್ವೆ ತುಂಬ ನೀರು ಹರೀತದೆ. ಅಲ್ಲೇ ತೊಳ್ಕೊಂಡು ಬರಾಕೇನಾಗಿತ್ತು?" ಎಂದು ಅವಳು ತೆಂಗಿನ ನಾರಿನಲ್ಲಿ ತಿಕ್ಕುತ್ತಿದ್ದಳು, ಚರ್ಮ ಕೆಂಪಗಾಗುವ ಹಾಗೆ. ಅವನು ಸುಮ್ಮನೆ ನಗುತ್ತಿದ್ದ. ಆ ನಗುವಿಗಾಗಿ ಇನ್ನಷ್ಟು ತಿಕ್ಕುತ್ತಿದ್ದಳು.

ಮೊಮ್ಮಗಳ ನಾಮಕರಣಕ್ಕೆ ಹಿಂದೂಪುರಕ್ಕೆ ಹೋದಾಗಲೂ ಹಾಗೆಯೇ. ಊಟದ ಎಲೆ ಎತ್ತುವ ಮೊದಲೇ ಅವನು ಚೀಲ ಹೆಗಲಿಗೇರಿಸಿದ್ದ. ಕೊನೆಯ ಗದ್ದೆಗೆ ಪಾಳಿ ಇದೆ ಎಂದ. ಶಿರೀಷಾಳ ಅತ್ತೆ, ಬೀಗರಿಗೆ ಊರಿನ ಮೇಲೆ ಬಲು ಮೋಹ ಎಂದು ನಗೆಯಾಡಿದಳು. ಊರಿನ ಮೇಲಲ್ಲ ಎನ್ನಹೋಗಿ ಈರಕ್ಕ ನಾಲಿಗೆ ಕಚ್ಚಿಕೊಂಡಳು.

*

ಶಿರೀಷಾ ಬಂದು, ಅಪ್ಪನ ಎದೆಯ ಮೇಲೆ ತಲೆಯಿಟ್ಟು ಅತ್ತು, ಎದ್ದಳು. ಗಂಡಸರು ಹೆಣವನ್ನು ಅಂಗಳದ ಚಪ್ಪಡಿಗೆ ಇಳಿಸಿದರು. ನಲ್ಲಿಯಲ್ಲಿ ನೀರು ಬಂದು ನಾಲ್ಕೈದು ದಿನವಾಗಿತ್ತು. ಮನೆಯ ಡ್ರಮ್ಮಿನಲ್ಲಿ ಇದ್ದಬದ್ದ ನೀರು ತಲೆಗೆ, ಮೈಗೆ ಮುಗಿಯಿತು. ಕಾಲಿಗೆ ಉಳಿಯಲಿಲ್ಲ.

ಪೋಲಮ್ಮ ಮತ್ತೆ ಕೊಡ ತುಂಬಿಕೊಂಡು ಬಂದಿದ್ದಳು. ಈ ಸಲ ಅಂಗಳಕ್ಕೆ ಕಾಲಿಡಲಿಲ್ಲ. ಬೀದಿಯಂಚಿನಲ್ಲೇ ಇಳಿಸಿ ನಿಂತಳು. ಯಾರೂ ಅದನ್ನು ಮುಟ್ಟಲಿಲ್ಲ. ಎಲ್ಲರೂ ಈರಕ್ಕನ ಮುಖ ನೋಡಿದರು. ಈರಕ್ಕನೇ ನಡೆದು ಹೋದಳು.

"ಒಂದು ಮಾತು ಹೇಳ್ಬುಟ್ಟು ಹೋಯ್ತೀನಿ ಕಣಕ್ಕ," ಎಂದಳು ಪೋಲಮ್ಮ ಮೆಲ್ಲಗೆ. "ಮೊಣಕಾಲುದ್ದ ನೀರಾಗೆ ನಿಂತಿರ್ತಿದ್ದ. ಕಾಲು ತೊಳ್ಕೊಂಡು ಹೋಗಪ್ಪ ಅಂದ್ರೆ ತೊಳೀತಿರ್ಲಿಲ್ಲ. ಮನೇಲಿ ಈರಿ ತೊಳೀತಾಳೆ ಅಂತ, ಅದೇ ಮಣ್ಣುಗಾಲಲ್ಲಿ ಬದು ಹತ್ತಿ ಹೋಗೋನು. ಆ ಮಣ್ಣು ಕಂಡು ನನ್ನ ಹೊಟ್ಟೆ ಉರೀತಿತ್ತು ಕಣಕ್ಕ. ನಮ್ಮನೆ ಬಚ್ಚಲ ಕಲ್ಲು ಒಣಗಿ ಎಷ್ಟು ವರ್ಷ ಆಯ್ತೋ."

ಈರಕ್ಕ ಕೊಡ ಎತ್ತಿಕೊಂಡಳು. ಈರಿ. ಆ ಹೆಸರು ಹೊಸಿಲು ದಾಟಿ ಅಷ್ಟು ದೂರದ ಗದ್ದೆಯವರೆಗೆ ಹೋಗಿದ್ದು ಅವಳಿಗೆ ಗೊತ್ತಿರಲಿಲ್ಲ. ಅದನ್ನೂ ಇವಳು ಕೇಳಿಸಿಕೊಂಡಿದ್ದಾಳೆ.

"ಕಾಲು ನಾನು ತೊಳೀತೀನಿ," ಎಂದು ಗಂಡಸರನ್ನು ಸರಿಸಿದಳು. ಶಿರೀಷಾಳಿಂದ ಬೋಗುಣಿ ತರಿಸಿ ಪಾದದ ಕೆಳಗಿಟ್ಟಳು. ಹಿಮ್ಮಡಿಯ ಬಿರುಕುಗಳಲ್ಲಿ ನಿನ್ನೆಯ ಎರೆ ಒಣಗಿ ಕೂತಿತ್ತು. ನಾರು ಬೇಡವೆಂದಳು. ಹೆಬ್ಬೆರಳಿನಿಂದಲೇ ಒಂದೊಂದು ಬಿರುಕನ್ನೂ ನೆನೆಸಿ, ಬಿಡಿಸಿ, ತೊಳೆದಳು. ಬೋಗುಣಿಯ ನೀರು ಕಪ್ಪಗಾಯಿತು.

ಅದನ್ನು ಬೀದಿಗೆ ಚೆಲ್ಲಲೆಂದು ಶಿರೀಷಾ ಎತ್ತಿಕೊಂಡಳು. ಬೀದಿಯಲ್ಲಿ ಪೋಲಮ್ಮ ಇನ್ನೂ ನಿಂತಿದ್ದಳು.

"ಕೊಡಿಲ್ಲಿ," ಎಂದಳು ಈರಕ್ಕ.

ತುಳುಕದ ಹಾಗೆ ಬೋಗುಣಿಯನ್ನು ಎರಡೂ ಕೈಯಲ್ಲಿ ಹಿಡಿದು ಮನೆಯೊಳಗಿಂದ ಹಾದು ಹಿತ್ತಲಿಗೆ ಹೋದಳು. ಬಾಗಿಲನ್ನು ಹಿಮ್ಮಡಿಯಿಂದ ಮುಚ್ಚಿದಳು. ಕರಿಬೇವಿನ ಗಿಡದ ಮುಂದೆ ಕುಕ್ಕರಗಾಲಲ್ಲಿ ಕೂತು, ಕೆಮ್ಮಣ್ಣಿನಲ್ಲಿ ಬೆರಳಾಡಿಸಿ ಬುಡದ ಸುತ್ತ ಬದು ಎಳೆದಳು. ಆಮೇಲೆ ನೀರನ್ನು ನಿಧಾನವಾಗಿ ಬಿಟ್ಟಳು. ಬೀದಿಯ ಕಡೆಗೆ ಬದು ಒಂದು ಕಡೆ ಒಡೆಯಿತು. ಬರಿಗೈಯಲ್ಲಿ ಅದನ್ನು ಅದುಮಿ ಹಿಡಿದು, ಅಷ್ಟೂ ಇಂಗುವವರೆಗೆ ಅಲ್ಲೇ ಕೂತಳು.